ಒಂದೇ ಕಂದೀಲು, ಎರಡು ಬೆಲೆ: ಹಳೆಯ ಹ್ಯಾಲೋವೀನ್ ಅಲಂಕಾರದ ಒಂದು ಹರಾಜು ಪ್ರಕರಣ

ಈ ಪ್ರಕರಣದ ಕೇಂದ್ರದಲ್ಲಿರುವುದು ಕಾಗದದಿಂದ ಮಾಡಿದ ಒಂದು ಕುಂಬಳಕಾಯಿ ಕಂದೀಲು, ಅಮೆರಿಕದಲ್ಲಿ ಅಕ್ಟೋಬರ್ 31ಕ್ಕೆ ಬರುವ ಹ್ಯಾಲೋವೀನ್ ಹಬ್ಬದ ಅಲಂಕಾರ. ಎತ್ತರ ಐದೂವರೆ ಇಂಚು. 2022ರ ಸೆಪ್ಟೆಂಬರಿನಲ್ಲಿ ಆನ್‌ಲೈನ್ ಹರಾಜಿನಲ್ಲಿ ಅದು 655 ಡಾಲರಿಗೆ ಹೋಯಿತು. ಐದು ತಿಂಗಳ ನಂತರ ಅದೇ ಕುಂಬಳಕಾಯಿ, ಅದೇ ಮಾರಾಟಗಾರರ ಕೈಯಿಂದ, 86 ಡಾಲರಿಗೆ ಹೋಯಿತು. ನಡುವೆ ಅದು ಒಡೆದಿರಲಿಲ್ಲ, ನೆನೆದಿರಲಿಲ್ಲ, ಬಣ್ಣ ಬಿಟ್ಟಿರಲಿಲ್ಲ. ಅದರ ಬಗ್ಗೆ ಬರೆದಿದ್ದ ನಾಲ್ಕು ಸಾಲು ಮಾತ್ರ ಬದಲಾಗಿತ್ತು. ಮೊದಲ ಸಲ ಕೊಂಡವರು ನನ್ನ ಪರಿಚಯದ ಕನ್ನಡತಿ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ರಾಧಾ ಅಂತ ಕರೆಯೋಣ. ಇದರಲ್ಲಿ ನನ್ನದೂ ಒಂದು ತಪ್ಪಿದೆ. ಅದೂ ಮುಂದೆ ಬರುತ್ತದೆ.

ಹಿನ್ನೆಲೆ

ರಾಧಾ ಮೈಸೂರಿನವರು. ಮ್ಯಾಸಚೂಸೆಟ್ಸ್ ಸೇರಿ ಇಪ್ಪತ್ತು ವರ್ಷದ ಮೇಲಾಯಿತು. ಮನೆ ಫ್ರೇಮಿಂಗ್‌ಹ್ಯಾಮ್ ಹತ್ತಿರ. ಹ್ಯಾಲೋವೀನ್ ಸಾಮಾನು ಕೂಡಿಸುವವರಿಗೆ ಆ ಊರಿನ ಹೆಸರು ಕೇಳಿದರೆ ಕಿವಿ ನೆಟ್ಟಗಾಗುತ್ತದೆ, ಏಕೆಂದರೆ ಡೆನಿಸನ್ ಕಂಪನಿಯ ಕಾರ್ಖಾನೆ ಇದ್ದದ್ದು ಅಲ್ಲೇ. ಸುಕ್ಕು ಕಾಗದ, ಕತ್ತರಿಸಿದ ಕಾಗದದ ಮಾಟಗಾತಿ, ಬೆಕ್ಕು, ಗೂಬೆ ಎಲ್ಲ ಮಾಡಿ ಮಾರುತ್ತಿದ್ದ ಕಂಪನಿ ಅದು. ಅವನ್ನು ಬಳಸಿ ಮನೆ ಸಿಂಗರಿಸುವುದು ಹೇಗೆ ಅಂತ ಹೇಳಿಕೊಡಲು 1909ರಲ್ಲಿ ಶುರುಮಾಡಿ ವರ್ಷಗಟ್ಟಲೆ ‘ಬೋಗಿ ಬುಕ್’ ಎಂಬ ಸಣ್ಣ ಪುಸ್ತಿಕೆಗಳನ್ನೂ ಅಚ್ಚು ಹಾಕಿತು.

ರಾಧಾ ಅವರಿಗೆ ಹುಚ್ಚು ಹಿಡಿದದ್ದು ಪಕ್ಕದ ಮನೆಯ ಅಜ್ಜಿಯಿಂದ. 2009ರಲ್ಲಿ ಆಕೆ ಮನೆ ಖಾಲಿ ಮಾಡುವಾಗ ಕೈಕಾಲಿನ ಕೀಲುಗಳಿಗೆ ಲೋಹದ ಗುಂಡಿ ಹಾಕಿದ್ದ ರಟ್ಟಿನ ಕರಿಬೆಕ್ಕೊಂದನ್ನು ಕೊಟ್ಟು ಹೋದರು. ಪೆನ್ಸಿಲ್ವೇನಿಯಾದ ಶಿಪ್ಪೆನ್ಸ್‌ಬರ್ಗ್ ಊರಿನ ಬೈಸ್ಟಲ್ ಕಂಪನಿಯದು. ನವರಾತ್ರಿಗೆ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸುವ ಮನೆಗೆ ವರ್ಷಕ್ಕೊಮ್ಮೆ ಬೆಕ್ಕಿನ ಪೆಟ್ಟಿಗೆ ಇಳಿಸುವುದು ದೊಡ್ಡ ಮಾತಾಗಲಿಲ್ಲ. ಎರಡೂ ಒಂದೇ ಕಾಲದಲ್ಲಿ ಬರುತ್ತವಲ್ಲ. ಬ್ರಿಮ್‌ಫೀಲ್ಡ್‌ನಲ್ಲಿ ಮೇ, ಜುಲೈ, ಸೆಪ್ಟೆಂಬರಿಗೆ ನಡೆಯುವ ಹಳೆ ಸಾಮಾನಿನ ಸಂತೆಗೆ ಹೋಗತೊಡಗಿದರು. 2022ರ ಹೊತ್ತಿಗೆ 61 ವಸ್ತು ಸೇರಿದ್ದವು. ಹೆಚ್ಚಿನವು ಹತ್ತು ಇಪ್ಪತ್ತು ಡಾಲರಿನ ಕಾಗದದ ಚಿತ್ರ, ತಗಡಿನ ಗಿಲಕಿ. ವಿಡಿಯೊ ಕಾಲ್‌ನಲ್ಲಿ ಇವನ್ನೆಲ್ಲ ನೋಡಿದ ಅತ್ತೆ ಒಮ್ಮೆ ಕೇಳಿದರಂತೆ: “ದೃಷ್ಟಿಬೊಂಬೆನ ಹೊರಗೆ ಕಟ್ತಾರೆ ಕಣೇ, ಒಳಗ್ಯಾಕೆ ತಂದಿಟ್ಟುಕೊಂಡೆ?”

ಈ ಸಂಗ್ರಹದಲ್ಲಿ ಒಂದು ಕೊರತೆ ಅವರನ್ನು ಕಾಡುತ್ತಿತ್ತು. ಜರ್ಮನಿಯ ಕಂದೀಲು ಇರಲಿಲ್ಲ.

ಹ್ಯಾಲೋವೀನ್ ಅಮೆರಿಕದ ಸಂಭ್ರಮವಾದರೂ ಅದರ ಅತಿ ಬೆಲೆಬಾಳುವ ಹಳೆ ಸಾಮಾನು ಜರ್ಮನಿಯದು. ಮೊದಲ ಮಹಾಯುದ್ಧಕ್ಕೆ ಮುಂಚೆ, ಆಮೇಲೆ ಮತ್ತೆ 1920ರ ದಶಕದಲ್ಲಿ, ಅಲ್ಲಿನ ಆಟಿಕೆ ಕಸುಬಿನವರು ತಾವು ಆಚರಿಸದ ಹಬ್ಬಕ್ಕೆ ಕಂದೀಲು, ಮಿಠಾಯಿ ತುಂಬುವ ಗೊಂಬೆ, ತರಕಾರಿ ತಲೆಯ ಮನುಷ್ಯರನ್ನು ಮಾಡಿ ಹಡಗು ಹತ್ತಿಸುತ್ತಿದ್ದರು. ಕಾಗದದ ಮುದ್ದೆ ಅಥವಾ ರಟ್ಟನ್ನು ಅಚ್ಚಿಗೆ ಒತ್ತಿ, ಮೇಲೆ ಸುಣ್ಣದಂಥ ತೆಳು ಬಿಳಿ ಲೇಪ ಕೊಟ್ಟು, ಅದರ ಮೇಲೆ ಕೈಯಲ್ಲಿ ಬಣ್ಣ ಬಳಿಯುತ್ತಿದ್ದರು. ಕಣ್ಣು ಬಾಯಿಯ ಕಿಂಡಿಗಳಿಗೆ ಒಳಗಿನಿಂದ ಅಚ್ಚು ಹಾಕಿದ ತೆಳು ಕಾಗದ ಅಂಟಿಸುತ್ತಿದ್ದರು. ಸಂಗ್ರಾಹಕರು ಇದನ್ನು ‘ಇನ್ಸರ್ಟ್’ ಅನ್ನುತ್ತಾರೆ. ಒಳಗೆ ಮೇಣದಬತ್ತಿ ಹಚ್ಚಿದರೆ ಮುಖ ಬೆಳಗುತ್ತದೆ, ಕೆಲವೊಮ್ಮೆ ಮುಖವೇ ಹತ್ತಿಕೊಳ್ಳುತ್ತದೆ. ಉಳಿದವು ಕಡಿಮೆಯಾದದ್ದಕ್ಕೆ ಅದೂ ಒಂದು ಕಾರಣ.

1930–40ರ ದಶಕದಲ್ಲಿ ಅಮೆರಿಕನ್ನರು ತಮ್ಮದೇ ಅಗ್ಗದ ದಾರಿ ಹಿಡಿದರು. ರದ್ದಿ ಕಾಗದ ಅರೆದು, ಆ ಗಂಜಿಯನ್ನು ಜಾಲರಿ ಅಚ್ಚಿನ ಮೇಲೆ ಎಳೆದು ಒಣಗಿಸುವ ದಾರಿ. ಮೊಟ್ಟೆ ಟ್ರೇ ಮಾಡುವ ವಿಧಾನವೇ ಅದು. ಬಫಲೋದ ಎಫ್. ಎನ್. ಬರ್ಟ್, ಮಿಲ್ವಾಕಿಯ ಪಲ್ಪ್ ರಿಪ್ರೊಡಕ್ಷನ್ ಕಂಪನಿಗಳು ಮಾಡಿದ ಇಂಥ ‘ಪಲ್ಪ್’ ಕಂದೀಲುಗಳು ಇವತ್ತಿಗೂ ಸಾಕಷ್ಟು ಸಿಗುತ್ತವೆ. ಮುಂದಿನಿಂದ ತೆಗೆದ ಫೋಟೊದಲ್ಲಿ ಜರ್ಮನಿಯದಕ್ಕೂ ಇದಕ್ಕೂ ಅಣ್ಣತಮ್ಮಂದಿರ ಹೋಲಿಕೆ. ಬೆಲೆಯಲ್ಲಿ ಆ ನಂಟು ಕಾಣುವುದಿಲ್ಲ.

ಮಹಾಲಯ ಅಮಾವಾಸ್ಯೆಯ ಸಂಜೆ

ಸೆಪ್ಟೆಂಬರ್ ಮಧ್ಯದಲ್ಲಿ ರಾಧಾ ಒಂದು ಹರಾಜು ಪುಟ ಕಳಿಸಿದರು. “1920ರ ದಶಕದ ಜರ್ಮನ್ ಕಂದೀಲು, ಮೂಲ ಇನ್ಸರ್ಟ್ ಸಮೇತ, ಅಜ್ಜಿಯ ಅಟ್ಟದಿಂದ” ಎಂದು ಬರೆದಿತ್ತು. ಆರು ಫೋಟೊ: ಮುಂದೆ, ಹಿಂದೆ, ಎಡ, ಬಲ, ತಂತಿಯ ಹಿಡಿ, ದೀಪ ಹಚ್ಚಿದಾಗಿನ ಮುಖ. ನಾನು ಆಫೀಸಿನ ಲಿಫ್ಟ್‌ನಲ್ಲಿದ್ದೆ. ಫೋನಿನಲ್ಲೇ ನೋಡಿ “ಚೆನ್ನಾಗಿದೆ, ಜರ್ಮನ್ ಇದ್ದ ಹಾಗಿದೆ” ಎಂದು ಟೈಪ್ ಮಾಡಿದೆ. ನನ್ನ ತಪ್ಪು ಅದು. ಒಳಗಿನ ಫೋಟೊ ಇಲ್ಲ, ತಳದ ಫೋಟೊ ಇಲ್ಲ ಎಂಬುದು ನನ್ನ ಕಣ್ಣಿಗೇ ಬೀಳಲಿಲ್ಲ. ಇದೇ ಸಾಮಾನನ್ನು ವರ್ಷಗಳಿಂದ ಕೊಂಡು ಮಾರುತ್ತಿರುವವನು ನಾನು.

ರಾಧಾ ಅವರಿಗೆ ಇಲ್ಲದ್ದು ಕಂಡಿತ್ತು. ಆದರೂ ಮಾರಾಟಗಾರರನ್ನು ಕೇಳಲಿಲ್ಲ. ಆಮೇಲೆ ಕಾರಣ ಹೇಳಿದರು: “ಕೇಳಿದರೆ ಅವರಿಗೆ ಇದರ ಬೆಲೆ ಗೊತ್ತಾಗಿಬಿಡುತ್ತೆ ಅಂತ ಸುಮ್ಮನಾದೆ.” ಈ ಹೆದರಿಕೆ ನಮ್ಮಲ್ಲಿ ಸುಮಾರು ಜನಕ್ಕಿದೆ. ಹರಾಜಿನಲ್ಲಿ ಬೆಲೆ ಏರಿಸುವವರು ಬೇರೆ ಕೊಳ್ಳುವವರು, ಮಾರುವವರಿಗೆ ಗುಟ್ಟು ತಿಳಿಯುವುದರಿಂದ ಅದು ಹೆಚ್ಚೇನೂ ಏರುವುದಿಲ್ಲ. ಅದನ್ನು ಗೊತ್ತಿದ್ದೂ ಮರೆಯುತ್ತೇವೆ.

ಬೆಲೆಯ ಲೆಕ್ಕವನ್ನು ಅವರು ಶ್ರದ್ಧೆಯಿಂದಲೇ ಮಾಡಿದ್ದರು. ಹಿಂದೆ ಮಾರಾಟವಾದ ಐದು ಕಂದೀಲುಗಳನ್ನು ಹುಡುಕಿ, 380ರಿಂದ 900 ಡಾಲರ್ ತನಕದ ಬೆಲೆ ಬರೆದುಕೊಂಡು, ಸರಾಸರಿ 610 ಅಂತ ತೆಗೆದಿದ್ದರು. ಆಮೇಲೆ ಇಬ್ಬರೂ ಕೂತು ಆ ಐದನ್ನು ಒಂದೊಂದಾಗಿ ತೆರೆದು ನೋಡಿದೆವು. ಒಂದು ಬೆಕ್ಕಿನ ತಲೆ, ಇನ್ನೊಂದು ದೆವ್ವದ ತಲೆ. ಇವು ಕುಂಬಳಕಾಯಿಗಿಂತ ಅಪರೂಪ, ಬೆಲೆಯೂ ಬೇರೆ. ಎರಡರ ತಳದಲ್ಲಿ ‘ಜರ್ಮನಿ’ ಎಂಬ ಮುದ್ರೆ ಫೋಟೊದಲ್ಲೇ ಕಾಣುತ್ತಿತ್ತು. 1890ರ ಮೆಕಿನ್ಲಿ ಸುಂಕ ಕಾಯಿದೆಯ ನಂತರ ಅಮೆರಿಕಕ್ಕೆ ಬರುವ ಸಾಮಾನಿನ ಮೇಲೆ ದೇಶದ ಹೆಸರು ಹಾಕಬೇಕಿತ್ತು, ಆ ಮುದ್ರೆ ಅಲ್ಲಿಂದ ಬಂದದ್ದು. ಐದನೆಯದು ಚೌಕಾಸಿಯಲ್ಲಿ ಹೋದದ್ದು. ಪುಟದಲ್ಲಿ ಕಾಣುವುದು ಮಾರುವವರು ಕೇಳಿದ ಬೆಲೆ, ನಿಜಕ್ಕೂ ಕೈ ಬದಲಿಸಿದ ಹಣ ಎಷ್ಟೋ. ಐದರಲ್ಲಿ ಒಂದೂ ಇವರ ಕಂದೀಲಿಗೆ ಸಾಟಿಯಾಗಿರಲಿಲ್ಲ.

ಹರಾಜು ಮುಗಿದದ್ದು ಸೆಪ್ಟೆಂಬರ್ 25, ಭಾನುವಾರ ಸಂಜೆ. ಮಹಾಲಯ ಅಮಾವಾಸ್ಯೆ. ಮಧ್ಯಾಹ್ನ ಎಡೆ ಇಟ್ಟು, ಸಂಜೆ ಗೊಂಬೆ ಹಲಗೆ ಜೋಡಿಸುತ್ತ, ನಡುವೆ ಫೋನ್ ನೋಡುತ್ತಿದ್ದರು. ಹ್ಯಾಲೋವೀನ್‌ಗೆ ಐದು ವಾರ ಬಾಕಿ, ಅಂದರೆ ಈ ಸಾಮಾನಿಗೆ ಕೊಳ್ಳುವವರು ಕಿಕ್ಕಿರಿದಿರುವ ಕಾಲ.

ಅವರು ಮೊದಲೇ 420 ಡಾಲರ್ ಮಿತಿ ಹಾಕಿಟ್ಟಿದ್ದರು. ಇಂಥ ತಾಣದಲ್ಲಿ ನೀವು ನಿಮ್ಮ ಗರಿಷ್ಠ ಹೇಳಿಟ್ಟರೆ, ಎದುರಾಳಿ ಏರಿಸಿದಷ್ಟಕ್ಕೆ ಒಂದು ಮೆಟ್ಟಿಲು ಮೇಲೆ ಮಾತ್ರ ವ್ಯವಸ್ಥೆಯೇ ನಿಮ್ಮ ಪರವಾಗಿ ಏರಿಸುತ್ತದೆ. ಒಂದು ಗಂಟೆ ಬಾಕಿ ಇರುವಾಗ ಬೆಲೆ 265. ಒಂದೂವರೆ ನಿಮಿಷ ಉಳಿದಾಗ ಯಾರೋ ಬಂದರು, 425 ಆಯಿತು. ರಾಧಾ 500 ಅಂದರು. ತಕ್ಷಣ 510, ಇನ್ನೂ ಎದುರಾಳಿಯ ಹೆಸರಲ್ಲಿ. 600 ಅಂದರು. 610. ಕೈಯಲ್ಲಿ ಪಟ್ಟದ ಗೊಂಬೆಯ ರಾಣಿ. ಅದನ್ನು ಸೋಫಾ ಮೇಲಿಟ್ಟು 700 ಒತ್ತಿದರು. 655ಕ್ಕೆ ನಿಂತಿತು, ಗೆದ್ದರು.

ಅಂದರೆ ಎದುರಾಳಿಯ ಮಿತಿ 645, ಅದರ ಮೇಲೆ ಒಂದು ಮೆಟ್ಟಿಲು 10. ಈ 655 ಹುಟ್ಟಿದ್ದು ಇಬ್ಬರ ಆಸೆಯಿಂದ, ಅದೂ ತೊಂಬತ್ತು ಸೆಕೆಂಡಿನಲ್ಲಿ. ಆ ಎದುರಾಳಿಗೂ ಒಳಗಿನ ಫೋಟೊ ಸಿಕ್ಕಿರಲಿಲ್ಲ. ಅಂಚೆ 22, ರಾಜ್ಯದ ತೆರಿಗೆ ಶೇ. 6.25 ಸೇರಿ 718 ಡಾಲರ್ ಕೈಬಿಟ್ಟಿತು.

ಒಳಗಿನ ಮೈ

ಪಾರ್ಸೆಲ್ 30ಕ್ಕೆ ಬಂತು. ಜೊತೆಗೆ ಕೈಬರಹದ ಚೀಟಿ, ಅಜ್ಜಿ ಇದನ್ನು ಕಿಟಕಿಯಲ್ಲಿ ಇಡುತ್ತಿದ್ದರು ಎಂದು. ರಾಧಾ ಅದನ್ನೂ ಎತ್ತಿಟ್ಟರು. ನವರಾತ್ರಿ ಮುಗಿಯುವ ತನಕ ಪೆಟ್ಟಿಗೆ ಸರಿಯಾಗಿ ಬಿಚ್ಚಲಿಲ್ಲ. ಅಕ್ಟೋಬರ್ 9ಕ್ಕೆ ನನ್ನ ಮನೆಗೆ ತಂದರು.

ಕೈಗೆ ತೆಗೆದುಕೊಂಡ ಕೂಡಲೇ ಒಳಗೆ ಬೆರಳಾಡಿಸಿದೆ. ತರಿ ತರಿ. ಬ್ಯಾಟರಿ ಬೆಳಕು ಬಿಟ್ಟರೆ ಬೂದು ಬಣ್ಣದ, ನಾರು ನಾರಾದ, ಹೊಂಡ ಹೊಂಡದ ಮೈ. ರಾಧಾ ಇಣುಕಿ ನೋಡಿ ತಾವೇ ಹೇಳಿದರು: “ಮೊಟ್ಟೆ ಟ್ರೇ.” ಆ ಮೇಲೆ ನಾನು ಹೇಳಲು ಹೆಚ್ಚೇನೂ ಉಳಿಯಲಿಲ್ಲ, ಆದರೂ ನೋಡಿದೆವು. ತಳದ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಬಣ್ಣ ಎದ್ದಿತ್ತು. ಹತ್ತು ಪಟ್ಟು ಮಸೂರ ಇಟ್ಟರೆ ಕಿತ್ತಳೆ ಬಣ್ಣದ ಕೆಳಗೆ ನೇರ ಬೂದು ಕಾಗದ. ಜರ್ಮನಿಯದಾಗಿದ್ದರೆ ನಡುವೆ ಬಿಳಿ ಲೇಪದ ಗೆರೆ ಕಾಣಬೇಕಿತ್ತು, ಮೊಟ್ಟೆಯ ಚಿಪ್ಪಿನಂತೆ ಸಿಡಿದಿರಬೇಕಿತ್ತು.

ಪರದೆ ಎಳೆದು ನೇರಳಾತೀತ ಟಾರ್ಚ್ ಹಾಕಿದೆವು. ಸುಮಾರು 1950ರಿಂದ ಈಚೆಗೆ ಕಾಗದಕ್ಕೆ ಬಿಳುಪು ಕೊಡುವ ರಾಸಾಯನಿಕ ಸೇರಿಸುತ್ತಾರೆ. ಈ ಬೆಳಕಿಗೆ ಅದು ನೀಲಿ ಬೆರೆತ ಬಿಳಿಯಾಗಿ ಹೊಳೆಯುತ್ತದೆ, ಒಗೆದ ಬಿಳಿ ಅಂಗಿ ಡಿಸ್ಕೊ ದೀಪಕ್ಕೆ ಹೊಳೆಯುವ ಹಾಗೆ. ಕಂದೀಲಿನ ಮೈ ಕಪ್ಪಗೆ ಮಂಕಾಗಿ ಕೂತಿತ್ತು. ಕಣ್ಣು, ಬಾಯಿ ಮಾತ್ರ ಕತ್ತಲೆಯಲ್ಲಿ ಭಗ್ಗೆಂದು ಬೆಳಗಿದವು. ಮೇಣದಬತ್ತಿಯೇ ಬೇಕಾಗಿರಲಿಲ್ಲ. ಮೂಗಿನ ಬಲಕ್ಕೆ ಒಂದು ಅಗಲ ತೇಪೆಯೂ ಎದ್ದು ಕಂಡಿತು, ಯಾವಾಗಲೋ ಹೊಸ ಬಣ್ಣ ಹಚ್ಚಿದ್ದರು.

ಇನ್ಸರ್ಟ್ ಮೇಲೆ ಮಸೂರ ಇಟ್ಟರೆ ಇಂಕ್‌ಜೆಟ್ ಪ್ರಿಂಟರಿನ ಚುಕ್ಕೆ ಸಿಂಪಡಣೆ. ಆದರೆ ನನಗೆ ಎಲ್ಲಕ್ಕಿಂತ ಮಜಾ ಅನಿಸಿದ ಪುರಾವೆಗೆ ಯಾವ ಉಪಕರಣವೂ ಬೇಡ. ಕಂದೀಲಿನ ಒಳ ಚಾವಣಿಯಲ್ಲಿ ಮಸಿ ಕಟ್ಟಿತ್ತು, ಎಷ್ಟೋ ರಾತ್ರಿ ಮೇಣದಬತ್ತಿ ಉರಿದಿದೆ. ಅದರ ಒಂದೂವರೆ ಇಂಚು ಕೆಳಗೆ ಅಂಟಿಸಿದ್ದ ಕಾಗದದ ಹಿಂಬದಿ ಮಾತ್ರ ಹಾಲಿನಂತೆ ಸ್ವಚ್ಛ.

ಹಾಗಾಗಿ ನಮ್ಮ ತೀರ್ಮಾನ ಇದು: ಕಂದೀಲು ನಕಲಿ ಅಲ್ಲ. 1930–40ರ ದಶಕದ ಅಮೆರಿಕದ ಪಲ್ಪ್. ಇನ್ಸರ್ಟ್ ಹೊಸದು, ಅಲ್ಪಸ್ವಲ್ಪ ಬಣ್ಣದ ರಿಪೇರಿ. ನನ್ನ ಅಂದಾಜು 80ರಿಂದ 100 ಡಾಲರ್. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಟಾರ್ಚಿಗೆ ಹೊಳೆದರೆ ಹೊಸದು ಎಂಬ ಅನುಮಾನ ಗಟ್ಟಿಯಾಗುತ್ತದೆ, ಹೊಳೆಯದಿದ್ದರೆ ಹಳೆಯದು ಅಂತ ಸಾಬೀತಾಗುವುದಿಲ್ಲ. ಆ ರಾಸಾಯನಿಕ ಇಲ್ಲದ ಹೊಸ ಕಾಗದವೂ ಸಿಗುತ್ತದೆ. ಒಂದೇ ಪುರಾವೆ ನೆಚ್ಚಿಕೊಂಡು ಜಗಳಕ್ಕೆ ಹೋಗಬಾರದು.

ವಾಪಸ್ ಕೊಡುವುದೋ ಬೇಡವೋ

ಇಲ್ಲಿ ರಾಧಾ ಎರಡು ಸಲ ಎಡವುತ್ತಿದ್ದರು.

ಒಂದು, ಇನ್ಸರ್ಟ್ ಕಿತ್ತು ನೋಡುವ ಆತುರ. ಅಂಟಿನ ಕೆಳಗೆ ಹಳೆ ಕಾಗದದ ಚೂರು ಉಳಿದಿದೆಯೇ ಎಂಬ ಕುತೂಹಲ ನನಗೂ ಇತ್ತು. ಕಿತ್ತಿದ್ದರೆ ವಸ್ತು ಬಂದ ಸ್ಥಿತಿಯಲ್ಲಿ ಇಲ್ಲ ಎನ್ನಲು ಮಾರಾಟಗಾರರಿಗೆ ದಾರಿಯಾಗುತ್ತಿತ್ತು. ಕೈಹಿಡಿದು ತಡೆದೆ ಅಂತಲೇ ಹೇಳಬೇಕು.

ಎರಡು, ದಾಕ್ಷಿಣ್ಯ. “ಪಾಪ, ಅಜ್ಜಿಯ ಅಟ್ಟದ್ದು ಅಂತ ಚೀಟಿ ಬೇರೆ ಬರೆದಿದ್ದಾರೆ” ಅಂತ ಎರಡು ವಾರ ತಳ್ಳಿದರು. ತಲುಪಿದ ದಿನದಿಂದ ವಾಪಸಾತಿಗೆ 30 ದಿನದ ಗಡುವು. ನಾನು ನೆನಪಿಸಿದರೆ ದಸರಾ ಸುಸ್ತು, ದೀಪಾವಳಿ ತಯಾರಿ. ಕೊನೆಗೆ 24ನೆಯ ದಿನ, ದೀಪಾವಳಿಯ ರಾತ್ರಿ, ಪಟಾಕಿ ಇಲ್ಲದ ಊರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಬರೆದರು. ಮೊದಲ ಕರಡಿನಲ್ಲಿ “ಮೋಸ” ಎಂಬ ಮಾತಿತ್ತು. ತೆಗೆಸಿದೆ. ಉಳಿದದ್ದು ಮೂರು ವಾಕ್ಯ: ವಿವರಣೆಯಲ್ಲಿ ‘ಜರ್ಮನ್’ ಎಂದಿದೆ, ಇದು ಅಮೆರಿಕದ ಪಲ್ಪ್. ‘1920’ ಎಂದಿದೆ, ಈ ತಯಾರಿಕೆ ನಂತರದ್ದು. ‘ಮೂಲ ಇನ್ಸರ್ಟ್’ ಎಂದಿದೆ, ಇದು ಇಂಕ್‌ಜೆಟ್. ಒಂದೊಂದಕ್ಕೂ ಒಂದು ಫೋಟೊ.

ಮಾರಾಟಗಾರರು ಮರುದಿನವೇ 200 ಡಾಲರ್ ವಾಪಸ್ ಕೊಡುತ್ತೇನೆ, ಕಂದೀಲು ನೀವೇ ಇಟ್ಟುಕೊಳ್ಳಿ ಎಂದರು. ರಾಧಾ ಒಪ್ಪಿಬಿಡುವವರಿದ್ದರು. ಇಂಥ ಹೊತ್ತಿನಲ್ಲಿ ಮನಸ್ಸು 718ರಲ್ಲಿ 200 ಉಳಿಯಿತು ಅಂತ ಲೆಕ್ಕ ಹಾಕುತ್ತದೆ. ನಾನು ಬೇರೆ ಥರ ಕೇಳಿದೆ: ಇವತ್ತು ಬ್ರಿಮ್‌ಫೀಲ್ಡ್ ಮೇಜಿನ ಮೇಲೆ ಇದೇ ಕಂದೀಲಿಗೆ 455 ಅಂದರೆ ತಗೋತೀರಾ? ನಕ್ಕರು. ಪೂರ್ತಿ ವಾಪಸ್ ಕೇಳಿದರು. ನವೆಂಬರ್ ಮೊದಲ ವಾರ ಕಂದೀಲು ಹೊರಟಿತು, ಹಣ ತೆರಿಗೆ ಸಮೇತ ಬಂತು.

ಆಮೇಲೆ ಮಾರಾಟಗಾರರಿಂದ ಒಂದು ಸಂದೇಶ. ಅಜ್ಜಿಯ ಅಟ್ಟದ್ದು ಎಂಬುದು ನಿಜ. ಜರ್ಮನ್, 1920 ಎಂಬುದು ಆ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು. ಇನ್ಸರ್ಟ್ ಹರಿದಾಗ ಮಾವ ಯಾರೋ ರಿಪೇರಿ ಮಾಡಿದ್ದು ಈಗ ನೆನಪಾಯಿತಂತೆ. ನಾನು ನಂಬುತ್ತೇನೆ. ಈ ಮಾರುಕಟ್ಟೆಯಲ್ಲಿ ಮೋಸ ಇಲ್ಲ ಅಂತಲ್ಲ, ಚಹಾ ಬಳಿದು ಹಳೆಯದು ಮಾಡಿದ್ದನ್ನೂ ನೋಡಿದ್ದೇನೆ. ಆದರೆ ನಾನು ಕಂಡ ತಪ್ಪು ವಿವರಣೆಗಳಲ್ಲಿ ಹೆಚ್ಚಿನವು ಮನೆಮಾತನ್ನು ಪುರಾವೆ ಅಂದುಕೊಂಡು ಬರೆದವು.

ಉಳಿದ ಅರವತ್ತೊಂದು

ಈ ಪೆಟ್ಟಿನ ನಂತರ ರಾಧಾ ತಮ್ಮ ಇಡೀ ಪಟ್ಟಿಯನ್ನು ಮತ್ತೆ ತೆರೆದರು. ಅದರಲ್ಲಿ ಒಟ್ಟು ಬೆಲೆ 5,200 ಡಾಲರ್ ಎಂದಿತ್ತು. ನೋಡಿದರೆ ಬಹುಪಾಲು ಇನ್ನೂ ಮಾರಾಟವಾಗದ ಪುಟಗಳಲ್ಲಿ ಬೇರೆಯವರು ಕೇಳುತ್ತಿದ್ದ ಬೆಲೆ. ಕೇಳುವುದಕ್ಕೇನು, ಯಾರೂ ಎಷ್ಟೂ ಕೇಳಬಹುದು. ನಿಜಕ್ಕೂ ಮಾರಾಟವಾದ ಬೆಲೆ ಮಾತ್ರ ಹಾಕಿ, ಸೂಜಿತೂತು, ಮಡಿಕೆ, ಟೇಪಿನ ಕಲೆ ಎಲ್ಲ ಲೆಕ್ಕಕ್ಕೆ ಹಿಡಿದರೆ 2,000ದ ಆಸುಪಾಸಿಗೆ ಇಳಿಯಿತು. ಅಂಗಡಿಯವರಿಗೆ ಒಟ್ಟಾಗಿ ಕೊಟ್ಟರೆ ಅದರ ಅರ್ಧವೂ ಹುಟ್ಟುವುದು ಕಷ್ಟ. ಗಂಡನಿಗೆ ಈ ಅಂಕಿ ಹೇಳಿದ್ದಾರೋ ಇಲ್ಲವೋ ನಾನು ಕೇಳಿಲ್ಲ.

ಎರಡು ವಸ್ತು ಮಾತ್ರ ಮೇಲೆ ಹೋದವು. ಪಕ್ಕದ ಮನೆಯ ಅಜ್ಜಿ ಕೊಟ್ಟ ಕರಿಬೆಕ್ಕಿನ ಬೆನ್ನಲ್ಲಿ ಬೈಸ್ಟಲ್ ಕಂಪನಿಯ ‘ಎಚ್. ಇ. ಲೂರ್ಸ್’ ಎಂಬ ಹಳೆ ಗುರುತು ಸಿಕ್ಕಿತು, ರಟ್ಟಿನಲ್ಲಿ ಉಬ್ಬಚ್ಚೂ ಇತ್ತು. ಬೈಸ್ಟಲ್ ತನ್ನ ಹಳೆ ಚಿತ್ರಗಳನ್ನು ತಾನೇ ಈಚೆಗೆ ಮತ್ತೆ ಅಚ್ಚು ಹಾಕಿರುವುದರಿಂದ ಬೆನ್ನು ನೋಡದೆ ಬೆಲೆ ಹೇಳುವಂತಿಲ್ಲ. ಇನ್ನೊಂದು, ಪಟ್ಟಿಯಲ್ಲಿ ಬೆಲೆ ‘0’ ಅಂತ ಇದ್ದ ಹರಿದ ಪುಸ್ತಿಕೆ. ಬ್ರಿಮ್‌ಫೀಲ್ಡ್‌ನಲ್ಲಿ ಒಂದು ಡಾಲರಿಗೆ ತಂದು, ಸುಕ್ಕು ಕಾಗದದ ಹೂ ಮಾಡುವುದು ನೋಡಿಕೊಳ್ಳಲು ಅಡುಗೆಮನೆಯ ಡ್ರಾಯರಿನಲ್ಲಿ ಇಟ್ಟಿದ್ದರು. ಅರಿಶಿನದ ಬೆರಳಚ್ಚು ಬಿದ್ದ ಡೆನಿಸನ್ ಬೋಗಿ ಬುಕ್. ಅರಿಶಿನ ಸಮೇತವೂ ಆ 61ರಲ್ಲಿ ಅತಿ ಬೆಲೆಯದು ಅದೇ.

ಫೆಬ್ರುವರಿ

2023ರ ಫೆಬ್ರುವರಿಯಲ್ಲಿ ಕಂದೀಲು ಮತ್ತೆ ಹರಾಜಿಗೆ ಬಂತು. ಮೂಗಿನ ಬಲದ ತೇಪೆ, ತಳದ ಸಾಸಿವೆ ಕಾಳು, ಅದೇ. ಈ ಸಲ ಒಂಬತ್ತು ಫೋಟೊ, ಮೂರು ಒಳಗಿನವು. “ಅಮೆರಿಕದ ಪಲ್ಪ್, 1930–40ರ ದಶಕ, ಇನ್ಸರ್ಟ್ ಬದಲಿಸಿದ್ದು, ಸ್ವಲ್ಪ ಬಣ್ಣ ಹಚ್ಚಿದ್ದು.” ಶುರುವಿನ ಬೆಲೆ 24.99. ಹಿಮ ಬೀಳುವ ತಿಂಗಳಲ್ಲಿ ಕುಂಬಳಕಾಯಿ ಯಾರಿಗೆ ಬೇಕು.

ರಾಧಾ ಅವರಿಗೆ ಬೇಕಿತ್ತು. ಅಷ್ಟು ಹತ್ತಿರದಿಂದ ನೋಡಿದ ವಸ್ತುವಿನ ಮೇಲೆ ಮೋಹ ಬೆಳೆಯದೆ ಇರುತ್ತದೆಯೇ. 85 ಡಾಲರ್ ಮಿತಿ ಹಾಕಿ ಫೋನ್ ಬೇರೆ ಕೋಣೆಯಲ್ಲಿ ಚಾರ್ಜಿಗಿಟ್ಟರು. 86ಕ್ಕೆ ಬೇರೆಯವರ ಪಾಲಾಯಿತು.

“ಒಂದು ಡಾಲರಿಗೆ ಹೋಯ್ತಲ್ಲ” ಎಂದೆ, ಕೆಣಕಲು.

“ಆ ಮನುಷ್ಯ 86 ಅಂತ ಹಾಕಿದ್ದನೋ, 300 ಅಂತ ಹಾಕಿದ್ದನೋ ನಿಮಗೆ ಗೊತ್ತಾ?” ಎಂದರು.

ನೇರಳಾತೀತ ಟಾರ್ಚ್ ಇನ್ನೂ ಅವರ ಹತ್ತಿರವೇ ಇದೆ. ಎರಡು ಸಲ ಕೇಳಿದೆ. ಸೆಪ್ಟೆಂಬರ್ ಬ್ರಿಮ್‌ಫೀಲ್ಡ್ ಮುಗಿಯಲಿ ಅಂದಿದ್ದಾರೆ.